ಹೊರಗೆ ಕರೆದು ಹೇಳಿದ ಮಾತು

ಪರಿಣಾಮವನ್ನು ಹೊತ್ತವಳು ನಾನು. ನನ್ನ ಹೃದಯದ ಸುದ್ದಿಯನ್ನು ನನಗೆ ಹೇಳದೆ, ನನ್ನ ಗಂಡನನ್ನು ಹೊರಗೆ ಕರೆದು ಹೇಳಿದ ವೈದ್ಯರು ಅದನ್ನು ಹೊರಲಿಲ್ಲ. ಅವರಿಗೆ ಅಂದು ಇನ್ನೂ ಹಲವರ ಗಂಡಂದಿರನ್ನು ಹೊರಗೆ ಕರೆಯುವುದಿತ್ತು. ಆಸ್ಪತ್ರೆಯೂ ಹೊರಲಿಲ್ಲ. ನನ್ನ ಗಂಡ ಅರ್ಧ ಹೊತ್ತರು, ಹೊತ್ತು ಬಾಗಿದರು. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಜೀವ ಉಳಿಸುವ ಒಂದು ಸಣ್ಣ ಯಂತ್ರಕ್ಕೆ ನನ್ನ ಮನಸ್ಸಿನಲ್ಲಿ ಸಾವಿನ ಮುಖ ಬಂದದ್ದು, ಅದನ್ನು ಹಾಕಿಸಿಕೊಳ್ಳಲಾರೆ ಎಂದು ನಾನು ಮನೆಗೆ ಓಡಿಬಂದದ್ದು, ಎಂದು ನಿಲ್ಲುವುದೋ ತಿಳಿಯದ ಹೃದಯವನ್ನು ಹೊತ್ತು ಅಂಗಳಕ್ಕೂ ಅಡುಗೆಮನೆಗೂ ನಡುವೆ ಅಲೆದದ್ದು, ಎಲ್ಲವೂ ಆ ಹೊರಗೆ ಕರೆದು ಹೇಳಿದ ಮಾತಿನಿಂದ.

ನಾನು ಬೈಲಹೊಂಗಲದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕಿ. ಶಾಲೆಯ ಸಮಯ ಮುಗಿದ ಮೇಲೆ ಮತ್ತು ರಜೆಯ ದಿನಗಳಲ್ಲಿ ಹೆಣ್ಣುಮಕ್ಕಳ ಆರೋಗ್ಯದ ಹಕ್ಕುಗಳಿಗಾಗಿ ಕೆಲಸ ಮಾಡುವ ಒಂದು ಸಣ್ಣ ಗುಂಪಿನವಳು. ಹೆರಿಗೆ ಕೋಣೆಯಲ್ಲಿ ಬೈಯುವ ದಾದಿಯರ ವಿರುದ್ಧ, ಬೀಗ ಹಾಕಿದ ಉಪಕೇಂದ್ರಗಳ ವಿರುದ್ಧ, ವೈದ್ಯರಿಲ್ಲದ ಆರೋಗ್ಯ ಕೇಂದ್ರಗಳ ವಿರುದ್ಧ ನಾವು ಅರ್ಜಿ ಬರೆದಿದ್ದೇವೆ, ಧರಣಿ ಕುಳಿತಿದ್ದೇವೆ. ನಮ್ಮದು ಬೌದ್ಧ ದೀಕ್ಷೆ ಪಡೆದ ಮನೆತನ. ಪ್ರಶ್ನೆ ಕೇಳುವುದು ನಮ್ಮ ಮನೆಯಲ್ಲಿ ಹಸಿವಿನಷ್ಟೇ ಸಹಜವಾದದ್ದು. ನನ್ನ ಗಂಡ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನಿಗೆ ಕಿವಿಗೊಟ್ಟು ದೋಷ ಯಾವುದೆಂದು ತಿಳಿಯುವ ತನಕ ಬಸ್ಸನ್ನು ಹೊರಗೆ ಬಿಡದ ಮನುಷ್ಯ.

ಮೊದಲ ಸಲ ತಲೆ ತಿರುಗಿದ್ದು ತರಗತಿಯಲ್ಲಿ. ಕರಿಹಲಗೆಯನ್ನು ಹಿಡಿದು ನಿಂತೆ, ಹೋಯಿತು. ಎರಡನೆಯ ಸಲ ನೇಸರಗಿಯಲ್ಲಿ, ಸಂತೆಯ ದಿನ. ಅಲ್ಲಿಗೊಬ್ಬರು ಮಹಿಳಾ ವೈದ್ಯರು ಬೇಕೆಂದು ನಾವು ಬಸ್ ನಿಲ್ದಾಣದ ಎದುರು ನಿಂತು ಮಾತನಾಡುತ್ತಿದ್ದೆವು. ಕೈಮೈಕು ನನ್ನ ಕೈಯಲ್ಲಿತ್ತು. ಒಂದು ವಾಕ್ಯದ ಅರ್ಧದಲ್ಲಿ ಎದುರಿನ ಉಳ್ಳಾಗಡ್ಡಿಯ ರಾಶಿ ಬೆಳ್ಳಗಾಯಿತು. ಆಮೇಲೆ ನಾನು ನೆಲದ ಮೇಲಿದ್ದೆ. ಯಾರೋ ತಮ್ಮ ತಂಬಿಗೆಯನ್ನೇ ನನ್ನ ತುಟಿಗೆ ಹಿಡಿದು ನೀರು ಕುಡಿಸಿದರು. ಅವರಿಗೆ ನನ್ನ ಕೇರಿ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಾಗೆಯೇ ಕುಡಿಸುತ್ತಿದ್ದರೆಂದು ನಂಬುವ ಆಸೆ ನನಗಿದೆ, ನಂಬಿಕೆ ಇಲ್ಲ.

ಬೈಲಹೊಂಗಲದಲ್ಲಿ ಇಸಿಜಿ ತೆಗೆದವರು ಆ ಕಾಗದವನ್ನು ನೋಡಿ, ಇಲ್ಲಿ ಆಗುವುದಿಲ್ಲ, ಇಂದೇ ಬೆಳಗಾವಿಗೆ ಹೋಗಿ ಎಂದರು. ಹೋದೆವು. ಬೆಳಗಾವಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಎದೆಗೆ ತಂತಿಗಳನ್ನು ಅಂಟಿಸಿ ಇಡೀ ದಿನ ಮಲಗಿಸಿದರು. ಮರುದಿನ ವೈದ್ಯರು ಬಂದರು. ಗೆರೆಗಳನ್ನು ನೋಡಿದರು. ನನ್ನನ್ನು ನೋಡಲಿಲ್ಲ, ನನ್ನ ತಲೆಯ ಮೇಲಿಂದ ಬಾಗಿಲ ಕಡೆಗೆ ನೋಡಿದರು.

“ಇವರ ಕಡೆ ಗಂಡಸರು ಯಾರದಾರ? ಸ್ವಲ್ಪ ಹೊರಗ ಬರ್ರಿ.”

ನನ್ನ ಗಂಡ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ಹೋದರು. ಬಾಗಿಲಿಗೆ ಗಾಜು ಇತ್ತು. ವೈದ್ಯರ ತುಟಿ ಅಲುಗುವುದು ಕಾಣುತ್ತಿತ್ತು. ಗಂಡನ ಬೆನ್ನು ಮಾತ್ರ ಕಾಣುತ್ತಿತ್ತು. ಒಂದು ಹಂತದಲ್ಲಿ ಆ ಬೆನ್ನು ಸಣ್ಣಗಾಯಿತು. ಅವರು ಗೋಡೆಗೆ ಕೈ ಕೊಟ್ಟರು. ನನ್ನ ಹೃದಯದ ಬಗ್ಗೆ ನನಗೆ ಮೊದಲು ತಿಳಿಸಿದ್ದು ಆ ಗೋಡೆಗೆ ಕೊಟ್ಟ ಕೈ.

ಒಳಗೆ ಬಂದಾಗ ಅವರ ಮುಖದಲ್ಲಿ ಒಂದು ನಗು ಇತ್ತು. ಅದು ಅವರದಲ್ಲ.

“ಏನಂದ್ರರಿ?” ಎಂದೆ.

“ಏನಿಲ್ಲ. ಎದ್ಯಾಗ ಒಂದು ಸಣ್ಣ ಮಷಿನ್ ಇಡ್ತಾರಂತ. ಪೇಸ್‌ಮೇಕರ್ ಅಂತಾರಲ್ಲ, ಅದು.”

“ಯಾಕ ಇಡ್ತಾರ? ನನಗೇನಾಗೇತಿ?”

“ಅವ್ರು ದೊಡ್ಡ ಡಾಕ್ಟರ ಅದಾರ. ನೀ ತಲಿಗೆ ಹಚ್ಕೋಬ್ಯಾಡ, ನಾ ಅದೀನಲ್ಲ.”

“ನೀವು ಕೇಳಲಿಲ್ಲೇನು?”

ಅವರು ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ದಾದಿಯೊಬ್ಬರು ಒಪ್ಪಿಗೆಯ ಸಹಿಗಾಗಿ ಬಂದು, ಪೆನ್ನನ್ನು ನನ್ನ ಹಾಸಿಗೆಯ ಮೇಲಿಂದ ದಾಟಿಸಿ ಅವರ ಕೈಗೆ ಕೊಟ್ಟರು. ಎದೆ ನನ್ನದು, ಕೊಯ್ಯುವುದು ನನ್ನ ಚರ್ಮವನ್ನು, ಎಚ್ಚರವಾಗಿ ಕಣ್ಣು ಬಿಟ್ಟು ಮಲಗಿರುವವಳು ನಾನು. ಪೆನ್ನು ಗಂಡನ ಕೈಗೆ. ಇದನ್ನು ಕಣ್ತಪ್ಪು ಎನ್ನಲಾಗದು. ಇದು ರೂಢಿ, ಮತ್ತು ರೂಢಿಯಾಗಿರುವುದರಿಂದಲೇ ದೊಡ್ಡ ತಪ್ಪು.

ಆದರೆ ಆ ಹೊತ್ತಿನಲ್ಲಿ ನಾನು ಇದನ್ನು ಹೇಳಲಿಲ್ಲ. ಹೇಳುವ ಉಸಿರು ಇರಲಿಲ್ಲ. ಭಯಕ್ಕೆ ವಾದ ಮಾಡಲು ಬರುವುದಿಲ್ಲ. ಅದಕ್ಕೆ ಎದ್ದು ಹೋಗಲು ಮಾತ್ರ ಬರುತ್ತದೆ. “ನನ್ನ ಮನಿಗೆ ಕರ್ಕೊಂಡು ಹೋಗ್ರಿ” ಎಂದೆ. ತಡ ಮಾಡಬೇಡಿ, ಬೇಗ ಬಂದು ಸೇರಿಸಿ ಎಂದರು ಆಸ್ಪತ್ರೆಯವರು. ಅದನ್ನೂ ನನ್ನ ಗಂಡನಿಗೇ ಹೇಳಿದರು.

ಮನೆಗೆ ಬಂದ ಮೇಲೆ ಜನ ಬರತೊಡಗಿದರು.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲವೆಂದರೆ ‘ಮಾತಾಡಿಸಿ ಬರುವುದು’ ಎಂಬ ಪದ್ಧತಿ ಇದೆ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದು, ಹಾಸಿಗೆಯ ಪಕ್ಕದಲ್ಲಿ ಕುಳಿತು, ಚಹಾ ಕುಡಿದು, ಎದ್ದು ಹೋಗುವುದು. ಬರದೆ ಉಳಿದರೆ ಅದು ವರ್ಷಗಟ್ಟಲೆ ನೆನಪಿಡುವ ಅಪರಾಧ. ನನಗೆ ಈ ಪದ್ಧತಿಯ ಬಗ್ಗೆ ಗೌರವವಿದೆ. ಯಾರೂ ಒಬ್ಬರೇ ನರಳಬಾರದು ಎಂಬ ತಿಳಿವಳಿಕೆ ಅದರಲ್ಲಿದೆ. ಆದರೆ ಬಂದವರೆಲ್ಲರಿಗೂ ನನ್ನ ಗಂಡ ಫೋನಿನಲ್ಲಿ ಏನನ್ನೋ ಹೇಳಿದ್ದರು, ಅದು ನನಗೆ ತಿಳಿದಿರಲಿಲ್ಲ. ಕಿತ್ತೂರಿನವರು ಬಂದರು, ಸವದತ್ತಿಯವರು ಬಂದರು. ಒಳಗೆ ಬರುವಾಗ ಎಲ್ಲರೂ ಮೊದಲು ಅವರ ಮುಖ ನೋಡುತ್ತಿದ್ದರು, ಆಮೇಲೆ ನನ್ನದು. ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಬಂದವರಿಗೆ ಚಾಪೆ ಹಾಸಲು ಏಳುತ್ತಿದ್ದೆ. ಬೇಡವೆಂದು ಕೈ ಹಿಡಿದು ಕೂರಿಸುತ್ತಿದ್ದರು. ನಲ್ಲಿಯ ಕಡೆ ಹೋದರೆ ಯಾರೋ ಕೊಡ ಕಸಿದುಕೊಳ್ಳುತ್ತಿದ್ದರು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಳ್ಳುವುದು ಚಟವಾಯಿತು. ಅದು ಬಡಿಯುತ್ತಿತ್ತು, ಒಮ್ಮೆ ತಡೆಯುತ್ತಿತ್ತು, ಆ ತಡೆಯಲ್ಲಿ ನಾನು ಬಾಗಿಲ ತನಕ ನಡೆದುಹೋಗುತ್ತಿದ್ದೆ.

ದೇಗಾಂವದಿಂದ ಸಣ್ಣತ್ತೆ ಬಂದರು. ನನ್ನ ಅತ್ತೆಯ ತಂಗಿ. ಬಾಯಿ ಜೋರು, ಕೈ ಮೃದು. ಸೆರಗಿನಡಿಯಿಂದ ಸ್ಟೀಲಿನ ಡಬ್ಬಿ ತೆಗೆದರು.

“ಮಾದಲಿ ಮಾಡಿ ತಂದೇನಿ. ಬಿಸಿ ಹಾಲು ಹಾಕ್ಕೊಂಡು ತಿನ್ನು. ಮತ್ತ ಬಾಯಿಗೆ ಏನ ಬೇಕನಸ್ತೈತಿ, ಹೇಳಿಬಿಡ ನಮ್ಮವ್ವ.”

“ಏನೂ ಬ್ಯಾಡ್ರಿ ಅತ್ತಿ.”

“ಹಂಗ ಅನಬಾರದು. ಬಯಕಿ ಇಟ್ಕೋಬಾರದು.”

ನಮ್ಮಲ್ಲಿ ಈ ಪ್ರಶ್ನೆಯನ್ನು ಇಷ್ಟು ಒತ್ತಾಯದಿಂದ ಕೇಳುವುದು ಇಬ್ಬರಿಗೆ: ಬಸುರಿಗೆ, ಇಲ್ಲವೇ ಹೊರಟು ನಿಂತವರಿಗೆ. ನನಗೆ ಐವತ್ತು ದಾಟಿತ್ತು.

ಕಿತ್ತೂರಿನಿಂದ ಬಂದಿದ್ದ ದೂರದ ಸಂಬಂಧಿಯೊಬ್ಬರು, ನನ್ನ ಗಂಡನಿಗೆ ವರಸೆಯಲ್ಲಿ ಕಾಕಾ ಆಗಬೇಕು, ಚಹಾದ ಬಸಿ ಕೆಳಗಿಟ್ಟು ಕೇಳಿದರು: “ಆ ಮಷಿನ್ ಹಾಕಿದ್ರ ಜೀವ ಹೋಗೂದ ಇಲ್ಲಂತಲ್ಲ, ಖರೇನ? ಮಣ್ಣಾಗ ಇಟ್ರೂ ಒಳಗ ಬಡಕೋತ ಇರತೈತಂತ.”

“ಛಲೋ ಆತಲ್ಲ ಹಂಗಾರ,” ಸಣ್ಣತ್ತೆ ಎಂದರು, “ನಮ್ಮ ಸೊಸಿ ಮಣ್ಣಾಗ ಕುಂತೂ ಡಿ.ಸಿ. ಸಾಹೇಬ್ರಿಗೆ ಅರ್ಜಿ ಬರಿತಾಳ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಿರುವಾಗಲೇ ನನ್ನ ಬೆರಳು ಮಣಿಕಟ್ಟಿಗೆ ಹೋಯಿತು. ನನ್ನದಲ್ಲದ ಒಂದು ಬಡಿತ, ನಾನು ಮುಗಿದ ಮೇಲೂ ನಡೆಯುವ ಬಡಿತ! ಮಾತಾಡಿಸಲು ಬಂದವರಲ್ಲಿ ಇನ್ನೊಬ್ಬರು, ಮಷಿನ್ ಇದ್ದವರು ಹಿಟ್ಟಿನ ಗಿರಣಿಯ ಹತ್ತಿರ ಹೋದರೆ ಬಿದ್ದುಬಿಡುತ್ತಾರೆಂದರು. ಮತ್ತೊಬ್ಬರು, ಫೋನು ಹಿಡಿಯುವಂತಿಲ್ಲ ಎಂದರು. ನಾನು ವಿಜ್ಞಾನವನ್ನು ನಂಬುವವಳು. ಆದರೆ ನಂಬಲು ವಿಜ್ಞಾನ ನನ್ನ ಹತ್ತಿರ ಬಂದಿರಲೇ ಇಲ್ಲ. ಅದು ಗಾಜಿನ ಬಾಗಿಲಿನ ಆಚೆಗೆ ನಿಂತು ನನ್ನ ಗಂಡನೊಂದಿಗೆ ಮಾತನಾಡಿ ಹೋಗಿತ್ತು. ತಿಳಿವಳಿಕೆ ಬಿಟ್ಟುಹೋದ ಖಾಲಿ ಜಾಗಕ್ಕೆ ಈ ಮಾತುಗಳು ಬಂದು ಕುಳಿತವು. ಇದಕ್ಕೆ ನಾನು ಬಂದವರನ್ನು ದೂರುವುದಿಲ್ಲ. ಜಾಗವನ್ನು ಖಾಲಿ ಬಿಟ್ಟವರನ್ನು ದೂರುತ್ತೇನೆ.

ಒಂದು ಮಧ್ಯಾಹ್ನ ರಾಮದುರ್ಗದಿಂದ ನನ್ನ ತಮ್ಮ ಬಂದ. ನನ್ನ ತವರೆಂದರೆ ಈಗ ಅವನೇ. ಬ್ರೆಡ್ಡಿನ ಪುಡಿಕೆಯನ್ನು ಕೈಗೆ ಕೊಟ್ಟು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ನನ್ನ ಗಂಡನೊಂದಿಗೆ ಅಂಗಳಕ್ಕೆ ಹೋದ. ಅಲ್ಲಿ ಇಬ್ಬರೂ ತಗ್ಗಿದ ದನಿಯಲ್ಲಿ ಮಾತನಾಡತೊಡಗಿದರು. ಮತ್ತೆ ಗಂಡಸರು, ಮತ್ತೆ ಹೊರಗೆ.

ಬಂದವರ ಚೀಲವನ್ನು ನಾವು ಬರಿದಾಗಿ ಕಳುಹಿಸುವುದಿಲ್ಲ. ಸಣ್ಣತ್ತೆಯ ಮಾದಲಿಯಲ್ಲಿ ಒಂದಿಷ್ಟನ್ನು ಅವನ ಮಕ್ಕಳಿಗೆಂದು ಕಟ್ಟಿ, ಚೀಲದಲ್ಲಿಡಲು ಹೋದೆ. ಚೀಲದ ತಳದಲ್ಲಿ, ಟವೆಲಿನಲ್ಲಿ ಸುತ್ತಿದ ಒಂದು ಹೊಸ ಸೀರೆ ಇತ್ತು. ಹಸಿರು ಮೈ, ಕೆಂಪು ಅಂಚು, ಮಡಿಕೆ ಬಿಚ್ಚಿರಲಿಲ್ಲ. ನನ್ನ ತಮ್ಮ ಸೀರೆ ತಂದರೆ ಹೊಸ್ತಿಲಲ್ಲೇ ತೆಗೆದು ತೋರಿಸಿ, ಯಾವ ಅಂಗಡಿ, ಎಷ್ಟು ಚೌಕಾಸಿ ಮಾಡಿದೆ ಎಂದೆಲ್ಲ ಹೇಳುವವನು. ಇದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದ.

ನನಗೆ ತಿಳಿಯಿತು. ಗಂಡನ ಮನೆಯಲ್ಲಿ ತೀರಿಹೋದ ಹೆಣ್ಣಿಗೆ ಕೊನೆಯ ಸೀರೆ ತವರಿನಿಂದ ಬರಬೇಕು. ದೀಕ್ಷೆಯ ನಂತರ ನಮ್ಮ ಹಿರಿಯರು ಅನೇಕ ಆಚರಣೆಗಳನ್ನು ಬಿಟ್ಟರು, ನಾವು ಉಳಿದವುಗಳನ್ನು ಬಿಟ್ಟೆವು. ತವರಿನ ಸೀರೆಯನ್ನು ಮಾತ್ರ ಬಿಡಲಾಗಲಿಲ್ಲ. ಮಗಳನ್ನು ಕೊಟ್ಟು ಮರೆತಿಲ್ಲ ಎಂದು ಊರಿಗೆ ತೋರಿಸಲು ನಮ್ಮ ಬಡವರ ಬಳಿ ಇರುವುದು ಅದೊಂದೇ ಎಂದು ನನ್ನ ಅವ್ವ ಹೇಳುತ್ತಿದ್ದಳು.

ಸೀರೆಯನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಹೋದೆ.

“ತಮ್ಮಾ, ಇದು ಯಾರದೋ?”

ಅವನು ಸೀರೆ ನೋಡಿದ, ನನ್ನ ಗಂಡನನ್ನು ನೋಡಿದ. “ನಿಂದ ಯಕ್ಕಾ.”

“ಮತ್ತ ಕೊಡಲಿಲ್ಲ ಯಾಕ?”

ಅವನು ಸೀರೆಗೆ ಕೈ ಚಾಚಿದ. ನಾನು ಬಿಡಲಿಲ್ಲ.

“ಸತ್ತ ಮ್ಯಾಲ ಕೊಡಾವಿದ್ದೇನು? ಬಣ್ಣನರ ನನ್ನ ಕೇಳಬೇಕಿತ್ತಲ್ಲೋ. ಹಸರ ನನಗ ಹೊಂದೂದಿಲ್ಲಂತ ಗೊತ್ತಿಲ್ಲೇನು ನಿನಗ?”

ಅವನು ಅಳತೊಡಗಿದ. ಬೆಳೆದ ಗಂಡಸು, ಮೀಸೆ ನೆರೆತವನು, ಕಟ್ಟೆಯ ಮೇಲೆ ಕುಳಿತು ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. “ಹೃದಯ ಯಾವಾಗ ಬೇಕಾದ್ರೂ ನಿಂದರಬಹುದು ಅಂದಾರಂತ ಯಕ್ಕಾ. ಮಾವಾರು ಫೋನ್ ಮಾಡಿ ಹೇಳಿದ್ರು. ಹೊತ್ತಲ್ಲದ ಹೊತ್ತಿನ್ಯಾಗ ಅಂಗಡಿ ತಗಸಾಕ ಆಗೂದಿಲ್ಲಂತ… ತವರಿನ ಸೀರಿ ತಪ್ಪಬಾರದಂತ…”

ನಾನು ಗಂಡನ ಕಡೆಗೆ ತಿರುಗಿದೆ. “ಇನ್ನೇನ ಅಂದ್ರು ಡಾಕ್ಟರ? ಪೂರ್ತಿ ಹೇಳ್ರಿ.”

“ನಿಂದರಬಹುದು ಅಂದ್ರು.”

“ಆಮ್ಯಾಲ?”

ಅವರು ಕಟ್ಟೆಯ ಮೇಲೆ ತಮ್ಮನ ಪಕ್ಕದಲ್ಲಿ ಕುಳಿತರು. “ಆಮ್ಯಾಲ ಏನೇನೋ ಹೇಳಿದ್ರು. ನಿಂದರಬಹುದು ಅಂದ ಕೂಡ್ಲೇ ನನಗ ಮುಂದಿಂದು ಏನೂ ಕೇಳಲಿಲ್ಲ.”

ನಿಲ್ಲದ ಹಾಗೆ ನೋಡಿಕೊಳ್ಳಲೆಂದೇ ಆ ಯಂತ್ರ ಎಂಬ ಮಾತು ‘ಮುಂದಿನದರಲ್ಲಿ’ ಇತ್ತು. ಇದು ನನಗೆ ಆಮೇಲೆ ಗೊತ್ತಾಯಿತು. ಪ್ರೀತಿಸುವ ಮನುಷ್ಯನನ್ನು ನಿಂತಲ್ಲಿಯೇ ಹೊಡೆದು, ಹೊಡೆತ ತಿಂದವನಿಗೇ ಸುದ್ದಿಯನ್ನು ಸರಿಯಾಗಿ ತಲುಪಿಸು ಎನ್ನುವುದು ಎಂಥ ವ್ಯವಸ್ಥೆ? ಆ ಅಂಗಳದಲ್ಲಿ ನಾನು ಅವರ ಮೇಲೆ ಸಿಟ್ಟಾಗಲು ನಿಂತವಳು, ಆಗಲಿಲ್ಲ. ಅವರು ಆ ಮಾತನ್ನು ಒಬ್ಬರೇ ಹೊತ್ತು ಡಿಪೋಕ್ಕೆ ಹೋಗಿ ಬರುತ್ತಿದ್ದರು.

ಭಯ ಕಡಿಮೆಯಾಗಲಿಲ್ಲ, ನಿಜ ಹೇಳುತ್ತೇನೆ. ಇನ್ನೂ ಹೆಚ್ಚಾಯಿತು. ಆದರೆ ಈವರೆಗೆ ಅದು ಮನೆತುಂಬ ಹೊಗೆಯಂತಿತ್ತು. ಈಗ ಅದಕ್ಕೊಂದು ಬಾಗಿಲು ಕಂಡಿತು. ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಾಯಿತು. “ನಾಳೆ ಬೆಳಗಾವಿಗೆ ಹೋಗೂಣು,” ಎಂದೆ, “ಆದ್ರ ಡಾಕ್ಟರ ಹತ್ರ ನಾ ಒಬ್ಬಾಕೆನ ಮಾತಾಡತೇನಿ.”

ಮರುದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕಾಯುತ್ತ ಕುಳಿತೆವು. ಕುಳಿತೆವು ಎಂದರೆ ನನ್ನ ಗಂಡ ಕುಳಿತರು. ನಾನು ಕಂಬದಿಂದ ಕಂಬಕ್ಕೆ ನಡೆದೆ. ಬೆಂಚಿನ ತುದಿಯಲ್ಲಿದ್ದ ವಯಸ್ಸಾದ ಹೆಣ್ಣುಮಗಳೊಬ್ಬರು ನನ್ನನ್ನು ನೋಡಿ ಜಾಗ ಸರಿಸಿದರು.

“ಕುಂದರ್ರಿ ಬಾಯಾರ. ನಿಮ್ಮನ್ನ ನೋಡಿ ನನಗ ತಲಿ ತಿರಗಾಕ ಹತ್ತೇತಿ.”

ಕುಳಿತೆ. ಅವರು ಮನೋಳಿಯವರು, ಹೊಳೆಯ ದಂಡೆಯ ಹೊಲದಲ್ಲಿ ಬದನೆ, ಮೆಣಸಿನಕಾಯಿ ಬೆಳೆಯುವವರು. ಅವರಿಗೆ ಮಷಿನ್ ಹಾಕಿ ಬಹಳ ಕಾಲವಾಗಿತ್ತು, ತಪಾಸಣೆಗೆ ಬಂದಿದ್ದರು. ನಾನು ನನ್ನ ಸಂಗತಿ ಹೇಳಿದೆ. ಅವರು ಅತ್ತಿತ್ತ ನೋಡಿ, ಸೆರಗನ್ನು ಒಂದಿಷ್ಟು ಸರಿಸಿ, ಎಡಗಡೆಯ ಕೊರಳೆಲುಬಿನ ಕೆಳಗೆ ನನ್ನ ಬೆರಳನ್ನು ತಾವೇ ಹಿಡಿದು ಇಟ್ಟುಕೊಂಡರು. ಚರ್ಮದ ಕೆಳಗೆ ಒಂದು ಗಟ್ಟಿ ದಡ. ಅದರ ಮೇಲೆ ಬೆಚ್ಚಗಿನ, ಸುಕ್ಕುಗಟ್ಟಿದ, ಬದುಕಿದ್ದ ಚರ್ಮ. ಅದು ಏನೂ ಸದ್ದು ಮಾಡುತ್ತಿರಲಿಲ್ಲ.

“ನೂಸತೈತೇನ್ರಿ?”

“ನೂಸೂದೇನ, ಮರತ ಹೋಗಿರತೈತಿ. ಮೊದಲ ಮೊದಲ ಮಾತ್ರ ಭಾಳ ಹೆದರಿದ್ದೆ. ಎಡಮಗ್ಗಲ ಮಲಗಲಿಲ್ಲ. ಮಮ್ಮಗನ್ನ ಈ ಕಡೆ ಎತ್ಕೊಳ್ಳಲಿಲ್ಲ. ಗಿರಣಿ ಕಡೆ ಹೋಗಲಿಲ್ಲ. ಮನ್ಯಾಗ ಮಿಕ್ಸರ ಹಚ್ಚಿದ್ರ ನಾ ಓಣ್ಯಾಗ ಓಡತಿದ್ದೆ.”

“ಡಾಕ್ಟರ ಹಂಗ ಅಂದಿದ್ರೇನ್ರಿ?”

“ನನಗೆಲ್ಲಿ ಹೇಳ್ಯಾರ್ರಿ? ಮಗಗ ಹೇಳಿದ್ರು. ಅಂವ ಏನೂ ಹೇಳಲಿಲ್ಲ. ಹಾಕಿದ ಮ್ಯಾಲ ಕೈ ಆಡಿಸಿದೆ, ಗಂಟ ಆಗೇತಿ ಅನಕೊಂಡೆ. ಒಳಗ ಮಷಿನ್ ಐತಿ, ಗಿರಣಿ ಕಡೆ ಹೋಗಬ್ಯಾಡ ಅಂದಾವ್ರು ಓಣಿ ಮಂದಿ. ಮಮ್ಮಗ ಎತ್ಕೋ ಅಂತ ಕೈ ಚಾಚಿದ್ರ ನಾನ ಹಿಂದ ಸರೀತಿದ್ದೆ. ಈಗ ಅಂವ ದೊಡ್ಡಾಂವ ಆಗ್ಯಾನ, ಎತ್ಕೊಳ್ಳಾಕ ಬರೂದಿಲ್ಲ.”

ಅವರು ನಗುತ್ತಲೇ ಇದನ್ನು ಹೇಳಿದರು. ನನಗೆ ನಗಲಾಗಲಿಲ್ಲ. ಒಂದು ಮಗು ಅಜ್ಜಿಯ ಎಡತೋಳಿನಿಂದ ದೂರ ಉಳಿದ ಆ ಕಾಲವನ್ನು ಯಾವ ಕಾಯಿಲೆಯೂ ಕಸಿದಿರಲಿಲ್ಲ. ಎರಡು ವಾಕ್ಯ ಹೇಳುವ ಪುರುಸೊತ್ತಿಲ್ಲದವರು ಕಸಿದಿದ್ದರು.

ನಮ್ಮ ಸರದಿ ಬಂತು. ವೈದ್ಯರು ನನ್ನನ್ನು ಗುರುತಿಸಿ, ನನ್ನ ಭುಜದ ಆಚೆಗೆ ಕಣ್ಣು ಹಾಯಿಸಿದರು. “ನಿಮ್ಮ ಯಜಮಾನ್ರು ಬಂದಾರಲ್ಲ? ಕರೀರಿ.”

“ಅವರು ಹೊರಗ ಕುಂತಾರ್ರಿ. ಅಲ್ಲೇ ಕುಂದರ್ತಾರ. ಹೃದಯ ನಂದೈತಿ, ನನಗ ಹೇಳ್ರಿ.”

ಅವರು ಪೆನ್ನು ಕೆಳಗಿಟ್ಟರು. “ಪೇಷಂಟ್ ಹೆದರ್ತಾರಂತ ಮನೆಯವರಿಗೆ ಹೇಳೂದ್ರಿ, ಬ್ಯಾರೆ ಏನಿಲ್ಲ.”

“ಹೇಳಲಾರದ್ದಕ್ಕ ಹೆದರಿ ಮನಿಗೆ ಓಡಿ ಹೋಗಿದ್ದೆರಿ. ನನ್ನ ಮಣ್ಣಿನ ಸೀರಿನೂ ಬಂದು ಕುಂತೈತಿ ಮನ್ಯಾಗ.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. ನ್ಯಾಯವಾಗಿ ಹೇಳಬೇಕೆಂದರೆ, ಅಲ್ಲಿಂದ ಮುಂದೆ ಅವರು ಒಳ್ಳೆಯ ಶಿಕ್ಷಕರಾಗಿದ್ದರು. ಖಾನೆಯಿಂದ ಒಂದು ಹಳೆಯ ಪೇಸ್‌ಮೇಕರ್ ತೆಗೆದು ನನ್ನ ಅಂಗೈಯ ಮೇಲಿಟ್ಟರು. ಹುಣಸೆಬೀಜದಂತೆ ನುಣುಪು, ಅಂದುಕೊಂಡದ್ದಕ್ಕಿಂತ ಹಗುರ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಹೋಗುವ ಸುದ್ದಿ ನಡುವೆ ಎಲ್ಲೋ ನಿಂತುಹೋಗುತ್ತಿದೆ, ಅದಕ್ಕೇ ನೀವು ಬಿದ್ದದ್ದು, ಎಂದರು. ಸುದ್ದಿ ತಲುಪದಿದ್ದಾಗ ಮಾತ್ರ ಇದು ತಲುಪಿಸುತ್ತದೆ.

ನಾನು ಕೇಳಬೇಕೆಂದುಕೊಂಡ ಪ್ರಶ್ನೆಯನ್ನು ಕೇಳಿದೆ. ಕೇಳುವಾಗ ನಾಚಿಕೆಯಾಗಲಿಲ್ಲ. “ಸಾಯೋ ಹೊತ್ತಿನ್ಯಾಗ ಇದು ನನ್ನ ಬಿಡತೈತೇನ್ರಿ?”

“ಬಿಡತೈತ್ರಿ. ಇದು ಬಡಿ ಅಂತ ಹೇಳತೈತಿ ಅಷ್ಟ. ಜೀವ ಹೋದ ಮ್ಯಾಲ ಇದರ ಮಾತು ಕೇಳಾಕ ಅಲ್ಲಿ ಯಾರೂ ಇರೂದಿಲ್ಲ.”

ಗಿರಣಿ? ಹೋಗಬಹುದು, ಮೋಟರಿಗೆ ಆತುಕೊಂಡು ನಿಲ್ಲಬೇಡಿ. ಫೋನು? ಬಲಗಿವಿಗೆ ಹಿಡಿಯಿರಿ. ಕೈಮೈಕು? ಅವರು ನಕ್ಕರು, ಆದರೆ ಉತ್ತರ ಕೊಟ್ಟರು: ಅದರೊಳಗೆ ಅಯಸ್ಕಾಂತ ಇರುತ್ತದೆ, ಎದೆಗೆ ಅವುಚಿಕೊಳ್ಳಬೇಡಿ, ಬಲಗೈಯಲ್ಲಿ ದೂರ ಹಿಡಿಯಿರಿ. ಘೋಷಣೆಗೆ ಎಡಗೈ ಎತ್ತುವುದನ್ನು ಗಾಯ ಮಾಯುವ ತನಕ ನಿಲ್ಲಿಸಿ. ಬಾಯಿಗೆ ನಿರ್ಬಂಧವಿಲ್ಲ.

ಒಪ್ಪಿಗೆಗೆ ನಾನೇ ಸಹಿ ಮಾಡಿದೆ. ಆಮೇಲೆ ನನ್ನ ಗಂಡನನ್ನು ಒಳಗೆ ಕರೆಸಿ, ವೈದ್ಯರ ಎದುರೇ, ನಾನೇ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಆ ಯಂತ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಆಮೇಲೆ ಪ್ರಶ್ನೆಗಳನ್ನು ಕೇಳತೊಡಗಿದರು. ಬ್ಯಾಟರಿ ಎಲ್ಲಿ, ತಂತಿ ಸವೆಯುವುದಿಲ್ಲವೇ, ಕೆಟ್ಟರೆ ಮೊದಲೇ ತಿಳಿಯುತ್ತದೆಯೇ. ನಾನು ಮದುವೆಯಾದ ಮನುಷ್ಯ ಮರಳಿ ಬಂದರು.

ಹಾಕುವಾಗ ನಾನು ಎಚ್ಚರವಾಗಿದ್ದೆ. ಆ ಜಾಗವನ್ನಷ್ಟೇ ಮರಗಟ್ಟಿಸಿದ್ದರು. ಮುಖದ ಪಕ್ಕದಲ್ಲಿ ಹಸಿರು ಬಟ್ಟೆಯ ಪರದೆ. ಧೈರ್ಯ ಬಂದಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಕಾಲಿನ ಹೆಬ್ಬೆರಳು ನಿಲ್ಲದೆ ಅಲುಗುತ್ತಿತ್ತು. ಪ್ರತಿಯೊಂದನ್ನೂ ಮಾಡುವ ಮೊದಲು ಹೇಳಿ ಎಂದು ಕೇಳಿಕೊಂಡಿದ್ದೆ, ಅವರು ಹೇಳಿದರು. ಈಗ ಒತ್ತಿದಂತಾಗುತ್ತದೆ, ಆಯಿತು. ಈಗ ತಂತಿ ಹೋಗುತ್ತಿದೆ, ಎದೆ ಒಮ್ಮೆ ಹಾರಬಹುದು. ಹಾರಿತು. ಹೇಳಿದ ಹಾಗೆಯೇ ಆಗುತ್ತಿರುವುದನ್ನು ಕೇಳುತ್ತ ಕೇಳುತ್ತ ಹೆಬ್ಬೆರಳು ಯಾವಾಗ ನಿಂತಿತೋ ನನಗೆ ತಿಳಿಯಲಿಲ್ಲ.

ಈಗ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನ ಬಸ್ಸು ಹತ್ತಿ ಬರುವ ಎಲ್ಲ ಆಸ್ಪತ್ರೆಗಳ ವೈದ್ಯರಿಗೆ, ಅವುಗಳ ಆಡಳಿತ ನಡೆಸುವವರಿಗೆ, ಅವುಗಳಿಗೆ ಪರವಾನಗಿ ಕೊಡುವ ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ನೇರವಾಗಿ ಹೇಳುತ್ತೇನೆ. ಹಾಸಿಗೆಯ ಮೇಲೆ ಎಚ್ಚರವಾಗಿರುವ ಹೆಣ್ಣಿನ ಎದೆಯ ಸುದ್ದಿಯನ್ನು ಮೊದಲು ಅವಳಿಗೇ ಹೇಳಿ, ಅವಳು ಆಡುವ ಕನ್ನಡದಲ್ಲಿ ಹೇಳಿ, ಯಂತ್ರವನ್ನು ಅವಳ ಅಂಗೈಯ ಮೇಲಿಟ್ಟು ಹೇಳಿ. ಹೇಳಿದ ಮೇಲೆ ಏನು ತಿಳಿಯಿತೆಂದು ಅವಳ ಬಾಯಿಂದಲೇ ಕೇಳಿ. ಇನ್ನು ಯಾರಿಗೆ ಹೇಳಬೇಕೆಂಬುದನ್ನು ಅವಳು ನಿರ್ಧರಿಸಲಿ; ಪೆನ್ನನ್ನು ಅವಳ ಕೈಗೆ ಕೊಡಿ. ಇದನ್ನು ಲಿಖಿತ ಆದೇಶವಾಗಿ ಹೊರಡಿಸಿ, ಪ್ರತಿ ವಾರ್ಡಿನ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ. ಗಂಡಸರು ಯಾರಿದ್ದಾರೆ, ಹೊರಗೆ ಬನ್ನಿ ಎಂಬ ಆ ಕರೆಯನ್ನು ಈ ವರ್ಷವೇ ನಿಲ್ಲಿಸಿ.